ಪಿಯುಸಿ ನಂತರ ಐದು ವರ್ಷದ ಗಣಿತ ಪದವಿ: ಸೀಟು ಕೈತಪ್ಪುವುದು ಎಲ್ಲಿ?

ಹಾಸನ, ಚಿಕ್ಕಮಗಳೂರಿನ ಪಿಯು ಕಾಲೇಜುಗಳಲ್ಲಿ ಗಣಿತಕ್ಕೆ ನೂರಕ್ಕೆ ನೂರು ತೆಗೆಯುವ ಮಕ್ಕಳಿಗೆ ಬರವಿಲ್ಲ. ಗಣಿತವನ್ನೇ ಓದುತ್ತೇನೆಂದು ಹಟ ಹಿಡಿದವರೂ ಪದವಿ, ಸ್ನಾತಕೋತ್ತರ ಎರಡೂ ಒಟ್ಟಿಗೆ ಸಿಗುವ ಬಿಎಸ್-ಎಂಎಸ್ ಸೀಟು ಕಳೆದುಕೊಳ್ಳುತ್ತಾರೆ. ಲೆಕ್ಕ ಬಾರದೆ ಅಲ್ಲ, ಎಲ್ಲವೂ ಸಿಇಟಿಯ ಹಾಗೇ ಇರುತ್ತದೆ ಎಂದುಕೊಂಡು.

ಮೊದಲು ಎಲ್ಲಿಗೆ ಎಂಬುದು ತೀರ್ಮಾನವಾಗಲಿ. ಪುಣೆ, ಕೋಲ್ಕತ್ತ, ಮೊಹಾಲಿ, ಭೋಪಾಲ್, ತಿರುವನಂತಪುರ, ತಿರುಪತಿ, ಬರ್ಹಾಂಪುರದ ಐಸರ್‌ಗಳಲ್ಲಿ (ಕೇಂದ್ರದ ವಿಜ್ಞಾನ ಶಿಕ್ಷಣ, ಸಂಶೋಧನಾ ಸಂಸ್ಥೆಗಳು) ಐದು ವರ್ಷದ ಬಿಎಸ್-ಎಂಎಸ್ ಇದೆ. ಪ್ರವೇಶಕ್ಕೆ ಐಎಟಿ ಪರೀಕ್ಷೆ. ಭುವನೇಶ್ವರದ ನೈಸರ್ ಎಂಬ ಇನ್ನೊಂದು ವಿಜ್ಞಾನ ಸಂಸ್ಥೆಯಲ್ಲಿ ಐದು ವರ್ಷದ ಇಂಟಿಗ್ರೇಟೆಡ್ ಎಂಎಸ್ಸಿ, ಅದಕ್ಕೆ ನೆಸ್ಟ್ ಪರೀಕ್ಷೆ. ಬೆಂಗಳೂರಿನ ಐಐಎಸ್ಸಿಯದು ನಾಲ್ಕು ವರ್ಷದ ಬಿಎಸ್. ಬೇಕಾದವರು ಐದನೇ ವರ್ಷವನ್ನೂ ಓದಿ ಮಾಸ್ಟರ್ಸ್ ಪಡೆಯಬಹುದು. ಬೇರೆ ವಿಜ್ಞಾನ ಬೇಡವೇ ಬೇಡ ಎನ್ನುವವರು ಇವುಗಳ ಬದಲು ಬೆಂಗಳೂರಿನ ಐಎಸ್‌ಐನ (ಭಾರತೀಯ ಸಾಂಖ್ಯಿಕ ಸಂಸ್ಥೆ) ಬಿಮ್ಯಾತ್ ಪದವಿಯ ಪ್ರವೇಶ ಪರೀಕ್ಷೆ ಬರೆಯಲಿ, ಅಲ್ಲಿ ಕೇಳುವುದು ಗಣಿತ ಮಾತ್ರ.

ಐಎಟಿಯಲ್ಲಿ ಮೂರು ಗಂಟೆಗೆ 60 ಪ್ರಶ್ನೆ. ಭೌತ, ರಸಾಯನ, ಗಣಿತ, ಜೀವವಿಜ್ಞಾನಕ್ಕೆ ತಲಾ 15. ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ, ಒಟ್ಟು 240. ಗಣಿತದ ಹದಿನೈದೂ ಸರಿಯಾದರೂ ಸಿಗುವುದು 60, ಅಂದರೆ ಕಾಲು ಭಾಗ. ಪಿಸಿಎಂಸಿ ಓದಿದವರು ಜೀವವಿಜ್ಞಾನವನ್ನು ಪೂರ್ತಿ ಬಿಟ್ಟು ಬರುತ್ತಾರೆ. ರ‍್ಯಾಂಕ್ ಬೀಳುವುದು ಅಲ್ಲೇ. ಪಿಸಿಎಂಬಿ ಓದುವ ಗೆಳೆಯರಿಂದ ಎನ್‌ಸಿಇಆರ್‌ಟಿ ಪುಸ್ತಕ ತಂದು ತಳಿಶಾಸ್ತ್ರ, ಕೋಶ, ಪರಿಸರದ ಅಧ್ಯಾಯಗಳನ್ನು ಓದಿದರೂ ಏಳೆಂಟು ಪ್ರಶ್ನೆಗೆ ಕೈಹಾಕಬಹುದು. ನಾಲ್ಕು ಆಯ್ಕೆಗಳಲ್ಲಿ ಒಂದು ಖಂಡಿತ ತಪ್ಪೆಂದು ಗೊತ್ತಿದ್ದರೆ ಊಹಿಸುವುದೇ ಲಾಭ: ಅಂಥ ಮೂರು ಪ್ರಶ್ನೆಗೆ ಸರಾಸರಿ 4 ಅಂಕ ಬಂದು 2 ಹೋಗುತ್ತದೆ. ಸಿಇಟಿಗೆಂದು ಮಾರುವ ಸೂತ್ರಗಳ ಗೈಡ್ ಇಲ್ಲಿ ಕೆಲಸಕ್ಕೆ ಬಾರದು, ಕೊಳ್ಳಬೇಡಿ. ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿ.

ಇನ್ನು ಪ್ರಮಾಣಪತ್ರ. ಅತಿ ಹೆಚ್ಚು ಎಡವುವುದು ಇಲ್ಲಿ, ಹಾಗಾಗಿ ನಿಧಾನವಾಗಿ ಓದಿ.

ಸಿಇಟಿಗೆ ಜಾತಿ ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಹಾಕಿದರೆ ಮುಗಿಯಿತು. ಕೇಂದ್ರದ ಸಂಸ್ಥೆಗಳಲ್ಲಿ 2ಎ, 2ಬಿ, 3ಎ, 3ಬಿ ಎಂಬ ಪ್ರವರ್ಗಗಳೇ ಇಲ್ಲ. ಅಲ್ಲಿ ಬೇಕಾದದ್ದು ಕೇಂದ್ರ ನಮೂನೆಯ, ಕೆನೆಪದರಕ್ಕೆ ಸೇರಿಲ್ಲವೆಂದು ಬರೆದಿರುವ ಒಬಿಸಿ ಪ್ರಮಾಣಪತ್ರ. ಮೊದಲು ನಿಮ್ಮ ಜಾತಿ, ಉಪಜಾತಿಯ ಹೆಸರು ರಾಷ್ಟ್ರೀಯ ಹಿಂದುಳಿದ ವರ್ಗಗಳ ಆಯೋಗದ ಕರ್ನಾಟಕ ಪಟ್ಟಿಯಲ್ಲಿದೆಯೇ ನೋಡಿ. ರಾಜ್ಯದ ಪಟ್ಟಿಯಲ್ಲಿರುವುದೆಲ್ಲ ಅಲ್ಲಿಲ್ಲ. ಇದ್ದರೆ ನಾಡಕಚೇರಿಯಲ್ಲಿ ಅರ್ಜಿ ಕೊಡುವಾಗ ‘ಕೇಂದ್ರದ ಒಬಿಸಿ’ ಎಂದು ಬಾಯಿಬಿಟ್ಟು ಹೇಳಿ. ಸುಮ್ಮನೆ ‘ಜಾತಿ ಆದಾಯ’ ಎಂದರೆ ರಾಜ್ಯದ್ದೇ ಬರುತ್ತದೆ. ಆಯಾ ವರ್ಷದ ಏಪ್ರಿಲ್ 1ರ ನಂತರದ ದಿನಾಂಕ ಇರಬೇಕು. ಗ್ರಾಮ ಆಡಳಿತಾಧಿಕಾರಿ, ಆರ್‌ಐ ವರದಿ ಮುಗಿದು ತಹಶೀಲ್ದಾರರ ಸಹಿ ಆಗುವಷ್ಟರಲ್ಲಿ ದಿನಗಳು ಉರುಳುತ್ತವೆ, ಆದ್ದರಿಂದ ಏಪ್ರಿಲ್ ಮೊದಲ ವಾರವೇ ಅರ್ಜಿ ಹಾಕಿ. ಹೆಸರು, ಇನಿಷಿಯಲ್ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇದ್ದಂತೆಯೇ ಇರಲಿ.

ಮಲೆನಾಡಿನವರು ಇನ್ನೊಂದು ಗಮನಿಸಬೇಕು. ಕೆನೆಪದರದ 8 ಲಕ್ಷ ರೂಪಾಯಿ ಮಿತಿ ಲೆಕ್ಕ ಹಾಕುವಾಗ ಭತ್ತ, ರಾಗಿ ಬೆಳೆಯುವ ಜಮೀನಿನ ಆದಾಯ ಸೇರಿಸುವುದಿಲ್ಲ. ಅದಕ್ಕೆ ವಿಸ್ತೀರ್ಣದ ಬೇರೆ ಮಿತಿ ಇದೆ. ಕಾಫಿ ತೋಟಕ್ಕೆ ಹಾಗಲ್ಲ, 1993ರ ಕೇಂದ್ರ ಆದೇಶದ ಪ್ರಕಾರ ತೋಟದ ಆದಾಯ ಲೆಕ್ಕಕ್ಕೆ ಬರುತ್ತದೆ. ಮೀಸಲಾತಿ ಪಟ್ಟಿಗಳಲ್ಲಿ ಇಲ್ಲದವರು ಇಡಬ್ಲ್ಯುಎಸ್ (ಆರ್ಥಿಕವಾಗಿ ಹಿಂದುಳಿದವರ) ಮೀಸಲಾತಿಗೆ ಹೋಗಬಹುದು. ಅಲ್ಲಿ 5 ಎಕರೆ ಕೃಷಿ ಜಮೀನು ಇದ್ದರೆ ಆದಾಯ ಎಷ್ಟೇ ಕಡಿಮೆ ಇದ್ದರೂ ಸಿಗದು. ಸಕಲೇಶಪುರದಲ್ಲಿ ಮೂರು, ಬೇಲೂರಿನಲ್ಲಿ ಎರಡೂವರೆ ಎಕರೆ ಇದ್ದರೆ ಎರಡನ್ನೂ ಕೂಡಿಸುತ್ತಾರೆ. ಪಹಣಿ ತೆಗೆಸಿ ಮೊದಲೇ ಕೂಡಿ ನೋಡಿ.

ಅರ್ಜಿ, ಶುಲ್ಕ ಎಲ್ಲ ಆನ್‌ಲೈನ್, ಕಷ್ಟವಿಲ್ಲ. ಸಂಸ್ಥೆಗಳ ಆದ್ಯತಾ ಪಟ್ಟಿ ತುಂಬುವಾಗ ಊರಿನ ಹೆಸರು ನೋಡಬೇಡಿ, ಗಣಿತ ವಿಭಾಗದಲ್ಲಿ ಎಷ್ಟು ಅಧ್ಯಾಪಕರಿದ್ದಾರೆ, ನಾಲ್ಕನೇ ವರ್ಷ ಯಾವ ಐಚ್ಛಿಕ ವಿಷಯ ಕಲಿಸುತ್ತಾರೆ ಎಂಬುದನ್ನೇ ನೋಡಿ.

ಸೇರಿದ ಮೇಲೆ ಐಸರ್‌ನಲ್ಲಿ ಮೊದಲ ವರ್ಷಗಳಲ್ಲಿ ಎಲ್ಲ ವಿಜ್ಞಾನವನ್ನೂ ಓದಬೇಕು, ಪ್ರಯೋಗಾಲಯವೂ ಉಂಟು. ಗಣಿತದಲ್ಲೇ ಹೊಸ ಪೆಟ್ಟು ಬೀಳುವುದು ಸಾಧನೆ (ಪ್ರೂಫ್) ಬರೆಯುವಾಗ. 1/ಎನ್ ಎಂಬ ಅನುಕ್ರಮ ಸೊನ್ನೆಗೆ ಹೋಗುತ್ತದೆಂದು ಪಿಯುಸಿಯಲ್ಲಿ ಒಂದು ಸಾಲಿನಲ್ಲಿ ಬರೆದರೆ ಅಂಕ ಸಿಗುತ್ತಿತ್ತು. ಇಲ್ಲಿ ಎಪ್ಸಿಲಾನ್ ಎಂಬ ಯಾವುದೇ ಧನಾತ್ಮಕ ಸಂಖ್ಯೆ ಕೊಟ್ಟರೂ 1/ಎಪ್ಸಿಲಾನ್‌ಗಿಂತ ದೊಡ್ಡದಾದ ಪೂರ್ಣಾಂಕವೊಂದನ್ನು ಆರಿಸಿ, ಅಲ್ಲಿಂದ ಮುಂದಿನ ಪ್ರತಿ ಪದವೂ ಎಪ್ಸಿಲಾನ್‌ಗಿಂತ ಚಿಕ್ಕದೆಂದು ತೋರಿಸಬೇಕು. ಪರೀಕ್ಷೆ ಮುಗಿದು ತರಗತಿ ಶುರುವಾಗುವ ತನಕ ದಿನಕ್ಕೊಂದು ಸಾಧನೆಯನ್ನು ಪೂರ್ತಿ ವಾಕ್ಯಗಳಲ್ಲಿ ಬರೆಯಿರಿ. ವಿಡಿಯೊ ನೋಡಿದರೆ ಕೈ ಕುದುರುವುದಿಲ್ಲ.

ಸೀಟು ಸಿಗದಿದ್ದರೂ ವರ್ಷ ಹಾಳು ಮಾಡಿಕೊಳ್ಳಬೇಡಿ. ರಾಜ್ಯದಲ್ಲಿ 2024-25ರಿಂದ ಪದವಿ ಮತ್ತೆ ಮೂರು ವರ್ಷಕ್ಕೆ ಬಂದಿದೆ. ಊರಿನ ಕಾಲೇಜಿನಲ್ಲೇ ಬಿಎಸ್ಸಿ ಮಾಡಿ, ಹಾಸನದ ಹೇಮಗಂಗೋತ್ರಿ ಸ್ನಾತಕೋತ್ತರ ಕೇಂದ್ರದಲ್ಲೋ ಕುವೆಂಪು ವಿವಿಯ ಶಂಕರಘಟ್ಟದಲ್ಲೋ ಎಂಎಸ್ಸಿ ಮುಗಿಸಿದರೂ ಅದೇ ಐದು ವರ್ಷ. ಬಿಎಸ್ಸಿ ಕೊನೆಯ ವರ್ಷದಲ್ಲಿ ಜಾಮ್ ಎಂಬ ಪ್ರವೇಶ ಪರೀಕ್ಷೆ ಬರೆದರೆ ಐಐಟಿಗಳ ಎಂಎಸ್ಸಿಗೂ ದಾರಿ ಇದೆ. ನಡುವಿನ ಬೇಸಿಗೆಗಳಲ್ಲಿ ಎಂಟಿಟಿಎಸ್ ಎಂಬ ಗಣಿತ ತರಬೇತಿ ಶಿಬಿರಕ್ಕೆ ತಪ್ಪದೆ ಅರ್ಜಿ ಹಾಕಿ. ಉತ್ತರ ಹೇಳಿಕೊಡುವ ಬದಲು ಪ್ರಶ್ನೆ ಕೇಳುತ್ತಾ ವಿದ್ಯಾರ್ಥಿಯಿಂದಲೇ ಸಾಧನೆ ಹೊರಡಿಸುವ ಶಿಬಿರ ಅದು.