ಸಿಂಗಾಪುರದಲ್ಲಿ ನಮ್ಮ ಸಿವಿಲ್ ಮಕ್ಕಳ ಮೊದಲನೇ ದಿನ: ನಾನು ಹೇಗೆ ನಡೆಸ್ತೀನಿ

ನಾನು ಸಿವಿಲ್ ಇಂಜಿನಿಯರಿಂಗ್ ಪಾಠ ಮಾಡೋಳು, ನಮ್ಮ ಡಿಪಾರ್ಟ್‌ಮೆಂಟ್ ಮಕ್ಕಳನ್ನ ಸ್ಟಡಿ ಟ್ರಿಪ್‌ಗೆ ಸಿಂಗಾಪುರಕ್ಕೆ ಕರ್ಕೊಂಡು ಹೋಗೋ ಜವಾಬ್ದಾರಿ ನಂದು. ಬೇರೆ ಕಾಲೇಜಿನವರು ಸಿಕ್ಕಾಗೆಲ್ಲ ವೀಸಾ, ಖರ್ಚು, ಊಟ ಇದನ್ನೇ ಕೇಳ್ತಾರೆ. ನನ್ ಪ್ರಕಾರ ಇಡೀ ಟ್ರಿಪ್ ಹೆಂಗಾಗತ್ತೆ ಅನ್ನೋದು ಮೊದಲನೇ ದಿನದ ಮೇಲಿದೆ, ಅದ್ರಲ್ಲೂ ವಿಮಾನ ಇಳಿದು ರೂಮ್ ಕೈಗೆ ಸಿಗೋವರೆಗಿನ ಹೊತ್ತು ತುಂಬಾ ಮುಖ್ಯ.

ಬೆಂಗಳೂರಿಂದ ರಾತ್ರಿ ಹೊರಟ್ರೆ ಸುಮಾರು ನಾಲ್ಕೂವರೆ ಗಂಟೆ, ಅಲ್ಲಿ ಟೈಮು ನಮಗಿಂತ ಎರಡೂವರೆ ಗಂಟೆ ಮುಂದೆ, ಅಂದ್ರೆ ಚಾಂಗಿ ಏರ್‌ಪೋರ್ಟಲ್ಲಿ ಬೆಳಿಗ್ಗೆ ಆರಾದಾಗ ಮಕ್ಕಳ ಮೈಗೆ ಇನ್ನೂ ಮೂರೂವರೆ, ಕಣ್ಣೆಲ್ಲ ಕೆಂಪಗಾಗಿರತ್ತೆ. ರೂಮ್ ಕೊಡೋದು ಮಧ್ಯಾಹ್ನ ಎರಡು ಮೂರಕ್ಕೆ. ಅದಕ್ಕೇ ಬುಕ್ ಮಾಡೋವಾಗ್ಲೇ ಎರಡು ರೂಮನ್ನ ಬೆಳಿಗ್ಗೆಯಿಂದಾನೇ ಕೊಡಿ ಅಂತ ಕೇಳಿ ಬರೆಸ್ಕೋತೀನಿ, ಒಂದು ಹುಡುಗೀರಿಗೆ ಒಂದು ಹುಡುಗ್ರಿಗೆ, ಸರದಿ ಮೇಲೆ ಸ್ನಾನ ಮಾಡಿ ಬಟ್ಟೆ ಬದಲಾಯಿಸಿದ್ರೆ ಸಾಕು, ಬ್ಯಾಗೆಲ್ಲ ರಿಸೆಪ್ಷನ್‌ನಲ್ಲೇ ಇಡಬಹುದು. ಸ್ನಾನ ಆಯ್ತು ಅಂದ್ರೆ ಅರ್ಧ ಸುಸ್ತು ಹೋಯ್ತು ಅಂತಾನೇ ಲೆಕ್ಕ.

ಇಮಿಗ್ರೇಷನ್ ಕಷ್ಟ ಏನಿಲ್ಲ. ಅರೈವಲ್ ಕಾರ್ಡನ್ನ ಅಲ್ಲಿಗೆ ತಲುಪೋಕೆ ಮುಂಚಿನ ಮೂರು ದಿನದ ಒಳಗೆ ಆನ್‌ಲೈನಲ್ಲಿ ತುಂಬಬೇಕು, ಅದಕ್ಕೆ ದುಡ್ಡಿಲ್ಲ, ದುಡ್ಡು ಕೇಳೋ ಸೈಟು ಸರ್ಕಾರದ್ದಲ್ಲ. ಎಲ್ಲರನ್ನೂ ಒಂದು ಕ್ಲಾಸ್‌ರೂಮಲ್ಲಿ ಕೂರಿಸ್ಕೊಂಡು ಒಟ್ಟಿಗೇ ತುಂಬಿಸ್ತೀನಿ, ಪಾಸ್‌ಪೋರ್ಟ್ ನಂಬರ್ ಪಕ್ಕದಲ್ಲಿ ಕೂತೋರು ಇನ್ನೊಂದು ಸಲ ಓದಿ ನೋಡ್ಬೇಕು. ಬ್ಯಾಗಲ್ಲಿ ಚೂಯಿಂಗ್ ಗಮ್ ಇದ್ರೆ ಇಲ್ಲೇ ತೆಗೆಸ್ತೀನಿ, ಅಲ್ಲಿಗೆ ತಗೊಂಡು ಹೋಗಂಗಿಲ್ಲ.

ಟೂರ್ ಬಸ್ ಮೊದಲನೇ ದಿನ ಬೇಡ ಅನ್ನೋದು ನನ್ನ ಹಠ. ನಾಲ್ಕು ನಾಲ್ಕು ಜನರ ಗುಂಪು ಮಾಡಿ ಮೆಟ್ರೋದಲ್ಲೇ ಕಳಿಸೋದು, ಪ್ರತಿಯೊಬ್ರಿಗೂ ಅವರವರ ಕಾರ್ಡ್ ಇರಬೇಕು, ಒಂದು ಕಾರ್ಡಲ್ಲಿ ಇಬ್ಬರು ಹೋಗೋಕಾಗಲ್ಲ. ಒಳಗೆ ತಿನ್ನಂಗಿಲ್ಲ ಕುಡಿಯಂಗಿಲ್ಲ, 500 ಡಾಲರ್‌ವರೆಗೂ ದಂಡ ಅಂತ ಬೋರ್ಡೇ ಇದೆ. ತಿಂಡಿಗೆ ಲಿಟ್ಲ್ ಇಂಡಿಯಾ, ಸೆರಂಗೂನ್ ರೋಡಲ್ಲಿ 1947ರಿಂದ ನಡೀತಿರೋ ಕೋಮಲ ವಿಲಾಸ್ ಇದೆ, ಮನೆ ಬಿಟ್ಟು ಮೊದಲನೇ ಸಲ ಇಷ್ಟು ದೂರ ಬಂದಿರೋ ಮಕ್ಕಳಿಗೆ ಮೊದಲನೇ ತಿಂಡಿ ದೋಸೆ ಕಾಫಿ ಆದ್ರೆ ಮುಖಾನೇ ಬೇರೆ ಆಗತ್ತೆ. ಅಲ್ಲಿಂದ ಡೌನ್‌ಟೌನ್ ಲೈನ್ ಹತ್ತಿದ್ರೆ ನೇರ ಬೇಫ್ರಂಟ್ ಸ್ಟೇಷನ್, ಇಳಿದು ಗಾರ್ಡನ್ಸ್ ಬೈ ದ ಬೇ ಒಳಗಿಂದ ನಡ್ಕೊಂಡು ಮರೀನಾ ಬ್ಯಾರೇಜ್.

ಮೊದಲನೇ ದಿನಕ್ಕೆ ಈ ಒಂದೇ ಜಾಗ. ಇಲ್ಲಿ ಲೆಕ್ಚರ್ ಇಲ್ಲ, ಗೈಡ್ ಇಲ್ಲ. ಮರೀನಾ ಚಾನೆಲ್‌ಗೆ ಅಡ್ಡ ಕಟ್ಟಿ 2008ರಲ್ಲಿ ಶುರು ಮಾಡಿದ ಬ್ಯಾರೇಜ್ ಇದು, ಉದ್ದ 350 ಮೀಟರ್, 9 ಗೇಟು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸಿಹಿನೀರಿನ ಜಲಾಶಯ. ದ್ವೀಪದ ಆರನೇ ಒಂದು ಭಾಗದಷ್ಟು ಜಾಗದ ಮಳೆನೀರು ಇಲ್ಲಿಗೇ ಬಂದು ಸೇರತ್ತೆ. ಜೋರು ಮಳೆ ಬಂದಾಗ ಸಮುದ್ರ ಇಳಿದಿದ್ರೆ ಗೇಟ್ ಇಳಿಸಿ ಹೆಚ್ಚಿನ ನೀರು ಬಿಡ್ತಾರೆ, ಉಬ್ಬರ ಇದ್ರೆ ಗೇಟ್ ಇಳಿಸಂಗಿಲ್ಲ, ಇಳಿಸಿದ್ರೆ ಸಮುದ್ರಾನೇ ಒಳಗೆ ನುಗ್ಗತ್ತೆ, ಆಗ 7 ಪಂಪು ಕೆಲಸಕ್ಕೆ ಬರ್ತಾವೆ, ಒಂದೊಂದೂ ಸೆಕೆಂಡಿಗೆ 40 ಘನ ಮೀಟರ್.

ಮೇಲೆ ಹುಲ್ಲಿನ ಛಾವಣಿ ಇದೆ, ಜನ ಗಾಳಿಪಟ ಹಾರಿಸ್ತಿರ್ತಾರೆ. ಅಲ್ಲಿ ಕೂತಾಗ ಮಂಡ್ಯ ಕಡೆ ಹುಡುಗ ಒಬ್ಬ ಮೊಬೈಲ್ ತೆಗೆದು ಲೆಕ್ಕ ಹಾಕ್ದ. "ಮೇಡಂ, ಕಾವೇರಿ ಐದನೇ ಹಂತದಲ್ಲಿ ಬೆಂಗಳೂರಿಗೆ ದಿನಕ್ಕೆ 77.5 ಕೋಟಿ ಲೀಟರ್ ಅಲ್ವಾ, ಅಷ್ಟು ನೀರನ್ನ ಈ ಏಳು ಪಂಪು ಮುಕ್ಕಾಲು ಗಂಟೇಲಿ ಆಚೆ ಹಾಕ್ತಾವೆ!" ಎಲ್ಲರೂ ಬಾಯ್ ಬಿಟ್ಕೊಂಡು ನೋಡ್ತಿದ್ರೆ ಪಕ್ಕದಲ್ಲಿದ್ದ ಹುಡುಗಿ ಬಿಡಲಿಲ್ಲ. "ಇವು ಎತ್ತೋದು ಎಷ್ಟು ಮೀಟರೋ, ನಮ್ ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರ್ ದೂರ, ಹತ್ತತ್ರ ಐನೂರು ಮೀಟರ್ ಮೇಲಕ್ಕೆ ಬರ್ಬೇಕು, ಅದನ್ನೂ ಲೆಕ್ಕಕ್ಕೆ ಹಿಡಿ." ಅರ್ಧ ಗಂಟೆ ಜಗಳ ನಡೀತು, ಪವರ್ ಎಷ್ಟು, ಹೆಡ್ (ಅಂದ್ರೆ ನೀರು ಎತ್ತೋ ಎತ್ತರ) ಎಷ್ಟು, ಕರೆಂಟ್ ಬಿಲ್ ಯಾರಿಗೆ ಜಾಸ್ತಿ. ಪಂಪ್ ಹೆಡ್ ಬಗ್ಗೆ ಕ್ಲಾಸಲ್ಲಿ ನಾನು ಬೋರ್ಡ್ ತುಂಬ ಬರೆದಿದ್ದೀನಿ, ಅಲ್ಲಿ ಯಾರೂ ಹಿಂಗೆ ಜಗಳ ಆಡಿರ್ಲಿಲ್ಲ. ನನಗೆ ಆ ಹೊತ್ತಲ್ಲಿ ಆದ ಖುಷಿ ಹೇಳೋಕಾಗಲ್ಲ, ನಿದ್ದೆ ಇಲ್ಲದ ಮಕ್ಕಳು ಬಿಸಿಲಲ್ಲಿ ಕೂತು ಇದನ್ನ ಮಾತಾಡ್ತಿದ್ದಾರಲ್ಲ ಅಂತ.

ಆದ್ರೆ ಒಂದು, ಮಧ್ಯಾಹ್ನ ಮೂರರ ಮೇಲೆ ಎಳೀಬಾರದು. ರೂಮಿಗೆ ಬಂದು ಸಂಜೆವರೆಗೆ ಮಲಗಲಿ, ಪೇರೆಂಟ್ಸ್ ಗ್ರೂಪಿಗೆ ಒಂದು ಫೋಟೋ ಹಾಕಿದ್ರೆ ಊರಲ್ಲಿರೋ ಅಪ್ಪ ಅಮ್ಮಂದ್ರಿಗೂ ನೆಮ್ಮದಿ. ರಾತ್ರಿ ಊಟ ಎಂಟರೊಳಗೆ ಮುಗಿಸ್ಬೇಕು, ಊಟದ ಟೇಬಲ್ ಹತ್ರಾನೇ ಪ್ರತಿ ಗುಂಪಿಂದ ಒಂದು ಪ್ರಶ್ನೆ ಬರೆಸ್ಕೋತೀನಿ. ಆ ದಿನ ಬಂದಿದ್ರಲ್ಲಿ ಒಂದು, ಸಮುದ್ರದ ನೀರು ತುಂಬಿದ್ದ ಜಾಗದಲ್ಲಿ ಉಪ್ಪು ಹೋಗಿ ಸಿಹಿ ಆಗಿದ್ದು ಹೆಂಗೆ ಅಂತ. ಗೇಟ್ ಮುಚ್ಚಿದ್ಮೇಲೆ ಮಳೆನೀರೇ ಬರ್ತಾ ಬರ್ತಾ ಉಪ್ಪುನೀರನ್ನ ಹೊರಗೆ ತಳ್ಳಿದ್ದು, 2010ರ ಹೊತ್ತಿಗೆ ಸಿಹಿನೀರಾಯ್ತು. ಉತ್ತರ ಆ ರಾತ್ರಿ ಹೇಳಲಿಲ್ಲ, ಮಾರನೇ ದಿನದ ಕೆಲಸಾನ ಅಲ್ಲಿಂದಾನೇ ಶುರು ಮಾಡಿದ್ವಿ.