ಹಳೇ ಡೀಸೆಲ್ ಟ್ರ್ಯಾಕ್ಟರ್ ಸ್ಟಾರ್ಟ್ ಆಗದಿದ್ದರೆ ಮೊದಲು ಹೊಗೆ ನೋಡಿ

ಸೆಲ್ಫ್ ಹೊಡೆದಾಗ ಸೈಲೆನ್ಸರಿನಿಂದ ಹೊಗೆ ಬರುತ್ತಿದೆಯೋ ಇಲ್ಲವೋ? ಹಳೇ ಡೀಸೆಲ್ ಟ್ರ್ಯಾಕ್ಟರ್ ಮುಷ್ಕರ ಹೂಡಿ ನಿಂತಾಗ ನಾನು ಮೊದಲು ನೋಡುವುದು ಇದನ್ನೇ. ಇಂಜಿನ್ ತಿರುಗುತ್ತಿದ್ದರೂ ಹೊಗೆಯೇ ಇಲ್ಲ ಅಂದರೆ ಸಿಲಿಂಡರಿಗೆ ಡೀಸೆಲ್ ಹೋಗುತ್ತಿಲ್ಲ. ಬಿಳಿ ಹೊಗೆ ಬಂದರೆ ಡೀಸೆಲ್ ಹೋಗುತ್ತಿದೆ, ಆದರೆ ಹೊತ್ತಿಕೊಳ್ಳುವಷ್ಟು ಬಿಸಿ ಒಳಗಿಲ್ಲ. ಕಪ್ಪು ಹೊಗೆ ಕಂಡರೆ ಗಾಳಿ ಸಾಲುತ್ತಿಲ್ಲ, ಏರ್ ಕ್ಲೀನರ್ ಬಿಚ್ಚಿ ನೋಡಬೇಕು. ಇಷ್ಟು ಗೊತ್ತಾದರೆ ಎಲ್ಲಿ ಕೈ ಹಾಕಬೇಕು ಅನ್ನೋದು ಗೊತ್ತಾಗುತ್ತದೆ. ಅದು ಬಿಟ್ಟು ಕೈಗೆ ಸಿಕ್ಕಿದ ನಟ್ಟನ್ನೆಲ್ಲ ಬಿಚ್ಚುತ್ತಾ ಹೋದರೆ, ಇದ್ದ ಒಂದು ತೊಂದರೆಯ ಜೊತೆಗೆ ಇನ್ನೆರಡು ಸೇರಿಕೊಳ್ಳುತ್ತವೆ.

ನನ್ನ ಹತ್ತಿರ ಇರುವುದು ಮ್ಯಾಸಿ ಫರ್ಗ್ಯೂಸನ್ 135. ಈ ಮಾಡೆಲ್ ಬಂದದ್ದು 1964ರಲ್ಲಿ. ಒಳಗಿರುವುದು ಪರ್ಕಿನ್ಸ್ 3.152 ಇಂಜಿನ್. 3 ಅಂದರೆ ಮೂರು ಸಿಲಿಂಡರ್, 152 ಅಂದರೆ ಘನ ಇಂಚು, ನಮ್ಮ ಲೆಕ್ಕದಲ್ಲಿ ಸುಮಾರು 2.5 ಲೀಟರ್. ಡೀಸೆಲ್ ಆದ್ದರಿಂದ ಸ್ಪಾರ್ಕ್ ಪ್ಲಗ್ ಇಲ್ಲ. ಸೆನ್ಸರ್, ಕಂಪ್ಯೂಟರ್ ಯಾವುದೂ ಇಲ್ಲ. ಒಮ್ಮೆ ಹೊತ್ತಿಕೊಂಡ ಮೇಲೆ ಓಡಲು ಕರೆಂಟೇ ಬೇಡ. ಸ್ಟಾರ್ಟ್ ಆಗೋಕೆ ಬೇಕಾದ್ದು ಇಷ್ಟೇ: ಇಂಜಿನ್ ಜೋರಾಗಿ ತಿರುಗಬೇಕು, ಗಾಳಿ ಸೇರದ ಡೀಸೆಲ್ ಅದನ್ನು ಸಿಲಿಂಡರಿಗೆ ಸಿಂಪಡಿಸುವ ನಾಜಲ್ ತನಕ ಮುಟ್ಟಬೇಕು, ಒಳಗಿನ ಗಾಳಿ ಒತ್ತಿ ಬಿಸಿಯಾಗುವಷ್ಟು ಕಂಪ್ರೆಷನ್ ಇರಬೇಕು.

ಗಾಡಿ ಬಹಳ ಕಾಲ ಶೆಡ್ಡಿನಲ್ಲೇ ನಿಂತಿತ್ತು. ಕೀ ತಿರುಗಿಸಿದರೆ ಇಂಜಿನ್ ಒಲ್ಲದ ಮನಸ್ಸಿನಿಂದ ತಿರುಗಿತು. ಹೊಗೆ ಇಲ್ಲವೇ ಇಲ್ಲ. ಅಂದರೆ ತೊಂದರೆ ಎರಡು. ನಿಧಾನಕ್ಕೆ ತಿರುಗುವುದು ಒಂದು, ಡೀಸೆಲ್ ಬಾರದಿರುವುದು ಇನ್ನೊಂದು. ಎರಡಕ್ಕೂ ಒಟ್ಟಿಗೆ ಕೈ ಹಾಕಬಾರದು.

ಪಾನಾ ಹಿಡಿಯುವ ಮೊದಲು ಕೆಲವು ಸಣ್ಣ ವಿಷಯ ನೋಡಿಕೊಳ್ಳಬೇಕು. ಈ ಗಾಡಿಯನ್ನು ನಿಲ್ಲಿಸುವುದು ಕೀಲಿಯಿಂದಲ್ಲ, ಸ್ಟಾಪ್ ನಾಬ್ ಎಳೆದು. ನಾಬ್ ಒಳಗೆ ತಳ್ಳಿದರೂ ಅದರ ಕೇಬಲ್ ತುಕ್ಕು ಹಿಡಿದು ನಾಜಲ್‌ಗೆ ಡೀಸೆಲ್ ಒತ್ತುವ ದೊಡ್ಡ ಪಂಪಿನ ಮೇಲಿನ ಲಿವರ್ ವಾಪಸ್ ಬಾರದೇ ಇರಬಹುದು. ಹಾಗಾದಾಗ ಪಂಪು ಡೀಸೆಲ್ ಕೊಡುವುದೇ ಇಲ್ಲ. ಒಬ್ಬರು ನಾಬ್ ಎಳೆದು ಬಿಡುವಾಗ ಇನ್ನೊಬ್ಬರು ಪಂಪಿನ ಪಕ್ಕ ನಿಂತು ಲಿವರ್ ಪೂರ್ತಿ ಅಲ್ಲಾಡುತ್ತದೆಯಾ ಅಂತ ನೋಡಿದರೆ ಸಾಕು. ಟ್ಯಾಂಕಿನ ಕೆಳಗಿನ ಟ್ಯಾಪ್ ತೆರೆದಿರಬೇಕು. ಇನ್ನು ಸೆಲ್ಫ್ ಉಸಿರೇ ಎತ್ತದಿದ್ದರೆ ಗೇರುಗಳನ್ನು ಹೈ, ಲೋ ಅಂತ ಬದಲಿಸುವ ಹೈ-ಲೋ ಲಿವರ್ ನೋಡಿ. 135ರಲ್ಲಿ ಅದು ನ್ಯೂಟ್ರಲ್‌ನಲ್ಲಿ ಇಲ್ಲದಿದ್ದರೆ ಸೆಲ್ಫಿಗೆ ಕರೆಂಟ್ ಹೋಗದ ಹಾಗೆ ಒಂದು ಸೇಫ್ಟಿ ಸ್ವಿಚ್ ಇದೆ. ನನ್ನ ಗಾಡಿಯಲ್ಲಿ ಇವೆಲ್ಲ ಸರಿಯಾಗಿದ್ದವು.

ಆ ಸ್ವಿಚ್ ಕೆಟ್ಟಾಗ ಕೆಲವರು ನೆಲದ ಮೇಲೆ ನಿಂತುಕೊಂಡೇ ಸೆಲ್ಫ್ ಮೋಟರಿನ ಎರಡು ಟರ್ಮಿನಲ್‌ಗೆ ಸ್ಕ್ರೂಡ್ರೈವರ್ ಅಡ್ಡ ಇಟ್ಟು ಹೊಡೆಯುತ್ತಾರೆ. ದಯವಿಟ್ಟು ಬೇಡ. ಗಾಡಿ ಗೇರಿನಲ್ಲಿದ್ದರೆ ಸ್ಟಾರ್ಟ್ ಆದ ಕೂಡಲೇ ಮುಂದಕ್ಕೆ ಹೋಗುತ್ತದೆ, ದೊಡ್ಡ ಚಕ್ರದ ಮುಂದೆ ನಿಂತಿರುವವರು ನೀವೇ. ಹೀಗೆ ಎಷ್ಟೋ ಜೀವ ಹೋಗಿವೆ.

ಮೊದಲು ಕರೆಂಟಿನ ಕಡೆ ಹೋದೆ. ನಿಧಾನ ತಿರುಗಿದರೆ ಎಲ್ಲರೂ ಬೈಯುವುದು ಬ್ಯಾಟರಿಯನ್ನೇ. ಹೊಸದು ತರುವ ಮೊದಲು ಮಲ್ಟಿಮೀಟರ್ ಇಟ್ಟು ನೋಡಿ. ಪೂರ್ತಿ ಚಾರ್ಜ್ ಆದ 12 ವೋಲ್ಟ್ ಬ್ಯಾಟರಿ ಸುಮ್ನೆ ಇರುವಾಗ 12.6 ತೋರಿಸುತ್ತದೆ. 12.2ಕ್ಕೆ ಇಳಿದಿದ್ದರೆ ಅರ್ಧ ಖಾಲಿ ಅಂತಲೇ ಲೆಕ್ಕ. ನಾನು ರಾತ್ರಿಯೆಲ್ಲ ಚಾರ್ಜಿಗೆ ಹಾಕಿ, ಸ್ಟಾಪ್ ನಾಬ್ ಎಳೆದಿಟ್ಟು, ಸೆಲ್ಫ್ ಹೊಡೆಸಿ ಅಳೆದೆ. ನಾಬ್ ಎಳೆದಿಟ್ಟರೆ ನಡುವೆ ಇಂಜಿನ್ ಹೊತ್ತಿಕೊಂಡು ಅಳತೆ ಕೆಡುವುದಿಲ್ಲ. ಸೆಲ್ಫ್ ಎಳೆಯುವಾಗಲೂ ಬ್ಯಾಟರಿ 10 ವೋಲ್ಟಿನ ಮೇಲೇ ನಿಂತಿತು. ಬ್ಯಾಟರಿ ತಪ್ಪಿಲ್ಲ ಅಂತಾಯ್ತು, ಅಲ್ವಾ? ಹಾಗಾದರೆ ದಾರಿಯಲ್ಲಿ ಎಲ್ಲೋ ವೋಲ್ಟೇಜ್ ಕಳೆದುಹೋಗುತ್ತಿದೆ.

ಅದನ್ನು ಹಿಡಿಯುವುದು ಸುಲಭ. ಮೀಟರಿನ ಒಂದು ವೈರನ್ನು ಬ್ಯಾಟರಿಯ ಮೈನಸ್ ಕಂಬಕ್ಕೆ ಒತ್ತಿ, ಇನ್ನೊಂದನ್ನು ಇಂಜಿನ್ ಬ್ಲಾಕಿನ ಬಣ್ಣವಿಲ್ಲದ ಕಬ್ಬಿಣಕ್ಕೆ ಒತ್ತಿ, ಸೆಲ್ಫ್ ಹೊಡೆಸಿ. ಅರ್ತ್, ಅಂದರೆ ಬ್ಯಾಟರಿಯಿಂದ ಗಾಡಿಯ ಕಬ್ಬಿಣಕ್ಕೆ ಕೊಟ್ಟ ಸಂಪರ್ಕ, ಚೆನ್ನಾಗಿದ್ದರೆ ಮೀಟರ್ ಅರ್ಧ ವೋಲ್ಟಿನ ಒಳಗೇ ಇರುತ್ತದೆ. ನನಗೆ ಎರಡು ವೋಲ್ಟಿನ ಮೇಲೆ ತೋರಿಸಿತು. ಅರ್ತ್ ಪಟ್ಟಿ ಬಿಚ್ಚಿದರೆ ಕಾರಣ ಕಣ್ಣೆದುರಿಗೇ ಇತ್ತು. ಹಿಂದೆ ಯಾರೋ ಗಾಡಿಗೆ ಚಂದ ಮಾಡಿ ಬಣ್ಣ ಹೊಡೆದು, ಆ ಬಣ್ಣದ ಮೇಲೇ ಪಟ್ಟಿ ಕೂರಿಸಿ ಬೋಲ್ಟ್ ಬಿಗಿದಿದ್ದಾರೆ. ಬೋಲ್ಟಿನ ಥ್ರೆಡ್‌ಗಳ ಮೂಲಕ ಎಷ್ಟು ಕರೆಂಟ್ ಹೋಗುತ್ತದೋ ಅಷ್ಟೇ. ಥ್ರೆಡ್ ತುಕ್ಕು ಹಿಡಿದ ಮೇಲೆ ಅದೂ ನಿಂತುಹೋಗಿದೆ. ಎಮರಿ ಪೇಪರಿನಲ್ಲಿ ಕಬ್ಬಿಣ ಹೊಳೆಯುವ ತನಕ ಉಜ್ಜಿ, ಪಟ್ಟಿಯ ತುದಿಯನ್ನೂ ಉಜ್ಜಿ, ಬಿಗಿದು, ಮೇಲೆ ಒಂದಿಷ್ಟು ಗ್ರೀಸ್ ಹಚ್ಚಿದೆ. ಪ್ಲಸ್ ಕೇಬಲ್ಲನ್ನೂ ಅದೇ ರೀತಿ ಅಳೆದೆ, ಅದು ಚೆನ್ನಾಗಿತ್ತು. ಈಗ ಇಂಜಿನ್ ಗಿರಗಿರ ತಿರುಗಿತು.

ಹೊಸ ಬ್ಯಾಟರಿ ಹಾಕುವವರಿಗೆ ಒಂದು ಮಾತು. ಡೈನಮೋ ಇರುವ ಹಳೇ ಬ್ರಿಟಿಷ್ ಟ್ರ್ಯಾಕ್ಟರುಗಳಲ್ಲಿ ಎಷ್ಟೋ ಗಾಡಿಗಳಿಗೆ ಅರ್ತ್ ಆಗಿರುವುದು ಮೈನಸ್ ಅಲ್ಲ, ಪ್ಲಸ್. ಮೊದಲು ಹೇಗಿತ್ತು ಅಂತ ನೋಡಿಕೊಂಡೇ ಹೊಸದನ್ನು ಕೂರಿಸಿ.

ಜೋರಾಗಿ ತಿರುಗಿದರೂ ಹೊಗೆ ಇಲ್ಲ. ಈಗ ಡೀಸೆಲ್ ಸರದಿ.

ಟ್ಯಾಂಕಿನಿಂದ ಡೀಸೆಲ್ ಇಂಜಿನ್ ಪಕ್ಕದ ಸಣ್ಣ ಫೀಡ್ ಪಂಪಿಗೆ ಬರುತ್ತದೆ. ಅಲ್ಲಿಂದ ಫಿಲ್ಟರ್, ಆಮೇಲೆ ದೊಡ್ಡ ಪಂಪು, ಕೊನೆಗೆ ನಾಜಲ್. ನಾಜಲ್ ಬಾಯಿ ತೆರೆಯೋಕೆ ವಾತಾವರಣದ ಒತ್ತಡದ ನೂರು ಪಟ್ಟಿಗೂ ಹೆಚ್ಚು ಒತ್ತಡ ಬೇಕು. ಡೀಸೆಲ್ ಅಷ್ಟು ಒತ್ತಡವನ್ನು ಹೊತ್ತು ಹೋಗುತ್ತದೆ. ಪೈಪಿನಲ್ಲಿ ಗಾಳಿ ಇದ್ದರೆ ಪಂಪು ಒತ್ತಿದಾಗ ಗಾಳಿ ಕುಗ್ಗುತ್ತದೆ, ಬಿಟ್ಟಾಗ ಹಿಗ್ಗುತ್ತದೆ, ನಾಜಲ್ ತೆರೆಯುವುದೇ ಇಲ್ಲ. ಅದಕ್ಕೇ ಏರ್ ತೆಗೆಯುವುದು.

ಫಿಲ್ಟರ್ ಹೊಸದು ಹಾಕಿ, ಗಾಜಿನ ಬಟ್ಟಲಿನ ತಳದ ನೀರು, ಕೆಸರು ಚೆಲ್ಲಿ ಶುರು ಮಾಡಿದೆ. ಫಿಲ್ಟರ್ ಮೇಲಿನ ಏರ್ ಸ್ಕ್ರೂ ಸಡಿಲ ಮಾಡಿ, ಫೀಡ್ ಪಂಪಿನ ಕೈ ಲಿವರ್ ಒತ್ತುತ್ತಾ ಹೋಗಬೇಕು. ಲಿವರ್ ಭಾರವೇ ಇಲ್ಲದೆ ಲೊಡಲೊಡ ಅಂದರೆ ಪಂಪು ಹೋಯಿತು ಅಂದುಕೊಳ್ಳಬೇಡಿ. ಒಳಗೆ ಕ್ಯಾಮಿನ ಉಬ್ಬು ಅದನ್ನು ಒತ್ತಿ ಹಿಡಿದಿರುತ್ತದೆ, ಅಷ್ಟೇ. ಇಂಜಿನ್ ಒಂದು ಸುತ್ತು ತಿರುಗಿಸಿ ಮತ್ತೆ ಒತ್ತಿದರೆ ಕೈಗೆ ಭಾರ ಸಿಗುತ್ತದೆ. ಮೊದಲು ನೊರೆ ಬರುತ್ತದೆ, ಆಮೇಲೆ ಗುಳ್ಳೆ, ಆಮೇಲೆ ಗುಳ್ಳೆಯಿಲ್ಲದ ಡೀಸೆಲ್. ಆಗ ಬಿಗಿಯಬೇಕು. ಮುಂದೆ ದೊಡ್ಡ ಪಂಪಿನಲ್ಲಿ ಎರಡು ಕಡೆ ಸ್ಕ್ರೂ ಇರುತ್ತದೆ, ಒಂದು ಪಕ್ಕದಲ್ಲಿ, ಒಂದು ಮೇಲೆ, ಇಂಜಿನ್ ವೇಗ ಹಿಡಿತದಲ್ಲಿಡುವ ಗವರ್ನರಿನ ಮುಚ್ಚಳದಲ್ಲಿ. ಎರಡನ್ನೂ ಸಡಿಲ ಮಾಡಿ ಒತ್ತುತ್ತಾ ಹೋದೆ. ಪಕ್ಕದ್ದು ಮೊದಲು ಸ್ವಚ್ಛವಾಯಿತು, ಬಿಗಿದೆ. ಮೇಲಿನದ್ದು ಬಹಳ ಹೊತ್ತು ಸತಾಯಿಸಿತು. ಇಲ್ಲಿ ತಾಳ್ಮೆ ಬೇಕು. ಹೆಚ್ಚಿನವರು ಗುಳ್ಳೆ ಕಡಿಮೆಯಾದ ಕೂಡಲೇ ಬಿಗಿದುಬಿಡುತ್ತಾರೆ, ಆಮೇಲೆ ಸೆಲ್ಫ್ ಹೊಡೆದೂ ಹೊಡೆದೂ ಬ್ಯಾಟರಿ ಮಲಗಿಸುತ್ತಾರೆ.

ಕೊನೆಗೆ ನಾಜಲ್ ಮೇಲಿನ ಪೈಪಿನ ನಟ್ಟುಗಳು. ಒಂದೆರಡು ನಟ್ಟು ಅರ್ಧ ಸುತ್ತು ಸಡಿಲ ಮಾಡಿ, ಆಕ್ಸಿಲರೇಟರ್ ಪೂರ್ತಿ ಕೊಟ್ಟು, ಸ್ಟಾಪ್ ನಾಬ್ ಒಳಗೆ ತಳ್ಳಿ ಸೆಲ್ಫ್ ಹೊಡೆಸಬೇಕು. ನಟ್ಟಿನ ಬುಡದಲ್ಲಿ ಡೀಸೆಲ್ ಚಿಮ್ಮಿ ಚಿಮ್ಮಿ ಬಂದರೆ ಬಿಗಿಯುವುದು. ಇಲ್ಲಿ ಕೈ ಬೆರಳು ಇಟ್ಟು ನೋಡುವ ಚಟ ಬೇಡವೇ ಬೇಡ. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗುರುತು ಕಾಣುತ್ತದೆ, ಒಳಗೆ ಬೆರಳೇ ಕೊಳೆಯಬಹುದು. ಹಾಗಾದರೆ ನೇರ ಆಸ್ಪತ್ರೆಗೆ ಹೋಗಬೇಕು.

ಬಿಗಿದ ಮೇಲೆ ಮತ್ತೊಮ್ಮೆ ಸೆಲ್ಫ್ ಹೊಡೆದೆ. ಬಿಳಿ ಹೊಗೆ ಬಂತು, ಒಂದು ಸಿಲಿಂಡರ್ ಕೆಮ್ಮಿತು, ಆಮೇಲೆ ಮೂರೂ ಹಿಡಿದುಕೊಂಡವು. ಸ್ವಲ್ಪ ಹೊತ್ತು ಓಡಿಸಿ ನಿಲ್ಲಿಸಿದೆ. ಮಾರನೇ ಬೆಳಿಗ್ಗೆ ಮತ್ತೆ ಅದೇ ಕಥೆ, ಹೊಗೆ ಇಲ್ಲ.

ಇದೇ ಇಡೀ ಕೆಲಸದ ಸ್ವಾರಸ್ಯದ ಭಾಗ. ಏರ್ ತೆಗೆದರೆ ಓಡುತ್ತದೆ, ರಾತ್ರಿ ನಿಂತರೆ ಮತ್ತೆ ಏರ್ ಸೇರುತ್ತದೆ. ಅಂದರೆ ಎಲ್ಲೋ ಗಾಳಿ ನುಗ್ಗುತ್ತಿದೆ. ಆದರೆ ಕೆಳಗೆ ಒಂದು ತೊಟ್ಟು ಡೀಸೆಲ್ಲೂ ಸೋರಿಲ್ಲ. ಟ್ಯಾಂಕಿಗೂ ಫೀಡ್ ಪಂಪಿಗೂ ನಡುವಿನ ಭಾಗ ಇಂಜಿನ್ ಓಡುವಾಗ ಹೀರುವ ಭಾಗ. ಅಲ್ಲಿ ಸಂದು ಬಿದ್ದರೆ ಡೀಸೆಲ್ ಹೊರಗೆ ಬರುವುದಕ್ಕಿಂತ ಗಾಳಿ ಒಳಗೆ ಹೋಗುವುದೇ ಜಾಸ್ತಿ. ಒದ್ದೆ ಕಲೆ ಹುಡುಕುತ್ತಾ ಕೂತರೆ ಸಿಗುವುದಿಲ್ಲ.

ಹಾಗಾಗಿ ಟ್ಯಾಂಕನ್ನೇ ಆಟದಿಂದ ಹೊರಗಿಟ್ಟೆ. ಒಂದು ಶುಭ್ರವಾದ ಕ್ಯಾನಿಗೆ ಡೀಸೆಲ್ ತುಂಬಿ, ಅದನ್ನು ಇಂಜಿನ್ನಿಗಿಂತ ಎತ್ತರದಲ್ಲಿ ಕಟ್ಟಿ, ಅಲ್ಲಿಂದ ಒಳಗೆ ಕಾಣುವ ಪ್ಲಾಸ್ಟಿಕ್ ಪೈಪನ್ನು ನೇರ ಫೀಡ್ ಪಂಪಿಗೆ ಕೊಟ್ಟೆ. ಏರ್ ತೆಗೆದು ಓಡಿಸಿ ರಾತ್ರಿ ಬಿಟ್ಟೆ. ಬೆಳಿಗ್ಗೆ ಕೀ ಮುಟ್ಟಿದ ಕೂಡಲೇ ಸ್ಟಾರ್ಟ್. ಅಲ್ಲಿಗೆ ದೊಡ್ಡ ಪಂಪು, ಫಿಲ್ಟರ್, ನಾಜಲ್ ಎಲ್ಲವೂ ನಿರಪರಾಧಿ. ದೊಡ್ಡ ಪಂಪು ಬಿಚ್ಚಿ ರಿಪೇರಿಗೆ ಕೊಡುವ ಮೊದಲು ಪ್ರತಿಯೊಬ್ಬರೂ ಮಾಡಬೇಕಾದ ಪರೀಕ್ಷೆ ಇದು ಅಂತ ನನ್ನ ಅಭಿಪ್ರಾಯ. ಎಷ್ಟೋ ಚೆನ್ನಾಗಿರುವ ಪಂಪುಗಳು ಸುಮ್ನೆ ವರ್ಕ್‌ಶಾಪ್ ನೋಡಿ ಬಂದಿವೆ.

ಕ್ಯಾನ್ ತೆಗೆದು, ಅದೇ ಕಾಣುವ ಪೈಪನ್ನು ಟ್ಯಾಂಕಿನ ಸಾಲಿನಲ್ಲಿ ಸೇರಿಸಿ ಓಡಿಸಿದೆ. ಸಾಸಿವೆ ಗಾತ್ರದ ಗುಳ್ಳೆಗಳು ಒಂದರ ಹಿಂದೆ ಒಂದು ಬರುತ್ತಿದ್ದವು. ಟ್ಯಾಂಕಿನ ಕಡೆಗೆ ಒಂದೊಂದೇ ಜೋಡಣೆ ಹಿಂದೆ ಹೋಗುತ್ತಾ ಅದೇ ಪೈಪ್ ಇಟ್ಟು ನೋಡಿದೆ. ರಬ್ಬರ್ ಹೋಸಿನ ತುಂಡು ದಾಟಿ ಹಿಂದೆ ಹೋದಾಗ ಗುಳ್ಳೆ ನಿಂತವು. ಮೇಲಿನಿಂದ ನೋಡಿದರೆ ಹೋಸ್ ಚೆನ್ನಾಗಿಯೇ ಇತ್ತು. ಕ್ಲಿಪ್ಪು ತೆಗೆದು ಬಗ್ಗಿಸಿದಾಗ ಕ್ಲಿಪ್ಪಿನ ಕೆಳಗೆ ಉದ್ದಕ್ಕೆ ಸೀಳು ಬಾಯಿಬಿಟ್ಟಿತು. ಹೊಸ ಹೋಸ್, ಹೊಸ ಕ್ಲಿಪ್ಪು ಹಾಕಿದೆ. ಪೈಪ್ ಜೋಡಿಸುವ ಟೊಳ್ಳು ಬೋಲ್ಟಿನ (ಬ್ಯಾಂಜೋ ಬೋಲ್ಟ್) ತಾಮ್ರದ ವಾಷರುಗಳನ್ನೂ ಬದಲಿಸಿದೆ. ಒಮ್ಮೆ ಒತ್ತಿ ಚಪ್ಪಟೆಯಾದ ವಾಷರನ್ನು ಹಾಗೇ ಹಾಕಿದರೆ ಅದು ನಾಳೆ ಮತ್ತೆ ಕೈ ಕೊಡುತ್ತದೆ.

ಇಷ್ಟಾದ ಮೇಲೂ ತಣ್ಣಗಿನ ಬೆಳಿಗ್ಗೆ ಬಿಳಿ ಹೊಗೆ ಉಗುಳುತ್ತಾ ತಡ ಮಾಡುತ್ತಿತ್ತು. ಈ ಇಂಜಿನ್ನಿನ ಗಾಳಿ ಎಳೆಯುವ ಕೊಳವೆಯಲ್ಲಿ ಥರ್ಮೋಸ್ಟಾರ್ಟ್ ಅಂತ ಒಂದು ಹೀಟರ್ ಇದೆ. ಕೀ ಹೀಟ್ ಕಡೆ ಹಿಡಿದರೆ ಅದರ ಸುರುಳಿ ಕೆಂಪಾಗುತ್ತದೆ. ಆ ಬಿಸಿಗೆ ಒಳಗಿನ ವಾಲ್ವ್ ತೆರೆದು ಡೀಸೆಲ್ ತೊಟ್ಟಿಕ್ಕಿ, ಸೆಲ್ಫ್ ಹೊಡೆದಾಗ ಬೆಂಕಿ ಹತ್ತಿ ಒಳಗೆ ಹೋಗುವ ಗಾಳಿಯನ್ನು ಬಿಸಿ ಮಾಡುತ್ತದೆ. 15ರಿಂದ 20 ಸೆಕೆಂಡ್ ಹಿಡಿದು ಆಮೇಲೆ ಸೆಲ್ಫ್ ಹೊಡೆಯಬೇಕು. ನನ್ನದರಲ್ಲಿ ಸುರುಳಿ ಕೆಂಪಾಗುತ್ತಿತ್ತು, ಡೀಸೆಲ್ ತರುವ ಸಣ್ಣ ಪೈಪ್ ಕಟ್ಟಿಕೊಂಡಿತ್ತು. ಊದಿ ಸ್ವಚ್ಛ ಮಾಡಿದ ಮೇಲೆ ಸರಿಹೋಯಿತು.

ಈ ಹೀಟರ್ ಇರುವ ಗಾಡಿಗೆ, ಬೇಗ ಸ್ಟಾರ್ಟ್ ಆಗಲಿ ಅಂತ ಗಾಳಿ ಕೊಳವೆಗೆ ಹೊಡೆಯುವ ಈಥರ್ ಸ್ಪ್ರೇ ಹೊಡೆಯಲೇಬಾರದು. ಕೆಂಪಗೆ ಕಾದ ಸುರುಳಿಗೆ ಈಥರ್ ತಾಗಿದರೆ ಕೊಳವೆಯಲ್ಲೇ ಢಮಾರ್. ಇಲ್ಲದ ಗಾಡಿಗೂ ಅದನ್ನು ಅಭ್ಯಾಸ ಮಾಡಿದರೆ ಪಿಸ್ಟನ್, ರಿಂಗು ಒಡೆಯುತ್ತವೆ.

ಹೀಟರ್ ಕೆಲಸ ಮಾಡಿ, ಇಂಜಿನ್ ಜೋರಾಗಿ ತಿರುಗಿ, ಗಾಳಿಯಿಲ್ಲದ ಡೀಸೆಲ್ ಬಂದರೂ ಬಿಳಿ ಹೊಗೆಯಲ್ಲೇ ನಿಂತರೆ ಆಗ ಮಾತ್ರ ಕಂಪ್ರೆಷನ್ ಕಡೆ ನೋಡಬೇಕು. ಅಲ್ಲೂ ಮೊದಲು ಸಿಲಿಂಡರಿನ ಮೇಲಿನ ಹೆಡ್ಡಿಗೆ ಕೈ ಹಾಕಬೇಡಿ. ಮೇಲಿನ ಕವರ್ ತೆಗೆದು ವಾಲ್ವ್ ಗ್ಯಾಪ್ (ವಾಲ್ವಿಗೂ ಅದನ್ನು ಒತ್ತುವ ರಾಕರಿಗೂ ನಡುವಿನ ಸಂದು) ಅಳೆಯಿರಿ, ಈ ಇಂಜಿನ್ನಿಗೆ ತಣ್ಣಗಿರುವಾಗ 0.012 ಇಂಚು. ಗ್ಯಾಪೇ ಇಲ್ಲದಿದ್ದರೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ, ಕಂಪ್ರೆಷನ್ ಅಲ್ಲೇ ಸೋರುತ್ತದೆ. ನನ್ನ ಗಾಡಿಯಲ್ಲಿ ಒಂದು ವಾಲ್ವ್ ಸ್ವಲ್ಪ ಬಿಗಿಯಾಗಿತ್ತು. ಸರಿಮಾಡಿ, ಹೊಸ ಗ್ಯಾಸ್ಕೆಟ್ ಹಾಕಿ ಕವರ್ ಮುಚ್ಚಿದೆ. ಹೆಡ್ ಬಿಚ್ಚುವ ಅಗತ್ಯ ಬೀಳಲಿಲ್ಲ.