ಬಾಳೆಯ ಜಾತಿ: ನಾನು ಕಾಯಿ ನೋಡುವುದು ಕಡೆಗೆ

ಕಾಯಿ ನೋಡಿ ಬಾಳೆಯ ಜಾತಿ ಹೇಳುವವರೇ ಹೆಚ್ಚು. ನನಗೆ ಕಾಯಿಯ ಮೇಲೆ ನಂಬಿಕೆ ಕಡಿಮೆ. ಒಂದೇ ಗೊನೆಯಲ್ಲಿ ಮೇಲಿನ ಚಿಪ್ಪು ದಪ್ಪ, ತುದಿಯದು ಸಣ್ಣ. ಗೊಬ್ಬರ ಬಿದ್ದ ವರ್ಷ ಒಂದು ಗಾತ್ರ, ಬೀಳದ ವರ್ಷ ಇನ್ನೊಂದು. ಶಿರಸಿ ಬಿಟ್ಟು ಗೋವಾದ ಫೋಂಡಾದಲ್ಲಿ ಮನೆ ಮಾಡಿದ ಮೇಲೆ ಅವರಿವರು ಕೊಟ್ಟ ಕಂದುಗಳೇ, ಅಂದರೆ ಬುಡದ ಮರಿಗಳೇ, ಹಿತ್ತಲು ತುಂಬಿದವು. ಗೊನೆ ಬರುವ ತನಕ ಕಾಯುವ ತಾಳ್ಮೆ ನನ್ನದಲ್ಲ.

ಹಾಗಾಗಿ ಮೊದಲು ಎಲೆಯ ತೊಟ್ಟು. ಮೇಲಿನಿಂದ ಮೂರನೆಯ ಎಲೆಯದನ್ನು ಅಡ್ಡ ಕೊಯ್ದರೆ ನಡುವಿನ ಕಾಲುವೆ ಚೆನ್ನಾಗಿ ಕಾಣುತ್ತದೆ. ನಾವು ತಿನ್ನುವ ಬಾಳೆಗಳು ಹೆಚ್ಚುಕಡಿಮೆ ಎಲ್ಲವೂ ಮ್ಯೂಸಾ ಅಕ್ಯುಮಿನಾಟಾ, ಮ್ಯೂಸಾ ಬಾಲ್ಬಿಸಿಯಾನಾ ಎಂಬ ಎರಡು ಕಾಡುಬಾಳೆಗಳಿಂದ ಬಂದವು. ಕಾಲುವೆ ಬಾಯಿ ತೆರೆದು ಅಂಚು ಹೊರಚಾಚಿದ್ದರೆ ಮೊದಲನೆಯದರ ಕುಲ: ಪಚ್ಚಬಾಳೆ, ಅದೇ ಬಳಗದ ಜಿ-ನೈನ್ (ಗ್ರ್ಯಾಂಡ್ ನೈನ್). ಅಂಚು ಒಳಬಾಗಿ ಬಾಯಿ ಮುಚ್ಚಿದ್ದರೆ ಎರಡನೆಯದರ ಪಾಲು ಹೆಚ್ಚು: ಬೂದಿಬಾಳೆಯಂಥವು. ರಸಬಾಳೆ, ಮೈಸೂರು ಬಾಳೆ ನಡುವಿನವು. 1955ರಲ್ಲಿ ಸಿಮಂಡ್ಸ್ ಮತ್ತು ಶೆಫರ್ಡ್ ಎಂಬ ಸಸ್ಯವಿಜ್ಞಾನಿಗಳು ಇಂಥ 15 ಲಕ್ಷಣ ಆರಿಸಿ, ಒಂದೊಂದಕ್ಕೂ 1ರಿಂದ 5ರ ತನಕ ಅಂಕ ಹಾಕುವ ಕ್ರಮ ಮಾಡಿದರು. ಹೂವಿನ ಅಂಡಾಶಯ ಸೀಳಿ ಒಳಗಿನ ಅಂಡಕಗಳ ಸಾಲು ಎಣಿಸುವುದೂ ಅದರಲ್ಲಿದೆ. ಹಿತ್ತಲಿಗೆ ಅಷ್ಟೆಲ್ಲ ಬೇಡ.

ತೊಟ್ಟಿನ ನಂತರ ಕಾಂಡ. ಹಳದಿ ಬೆರೆತ ಹಸಿರು ಕಾಂಡ, ಅದರ ಮೇಲೆ ಕಂದು ಮಚ್ಚೆ, ತೊಟ್ಟಿನ ಅಂಚಿಗೆ ಕೆಂಪು: ಮೂರೂ ಕೂಡಿದರೆ ರಸಬಾಳೆಯೆಂದೇ ಹಿಡಿಯುತ್ತೇನೆ. ಅಂಗಾಂಶ ಕೃಷಿಯ ಜಿ-ನೈನ್ ಸಸಿಯ ಎಲೆಯಲ್ಲಿ ಕೆಂಗಂದು ಕಲೆ ಇರುತ್ತದೆ, ದೊಡ್ಡದಾದಂತೆ ಮಾಯ. ಅದನ್ನು ಕಂಡು ಕೆಂಬಾಳೆ ಎಂದು ಹಿಗ್ಗಬೇಡಿ.

ಮಾಪ್ಸಾದ ಶುಕ್ರವಾರದ ಸಂತೆಯಲ್ಲಿ ಕಂದು ಮಾರುವವನೊಬ್ಬ ಗದಗಿನ ಕಡೆಯವನು.

'ಅಕ್ಕಾರ, ವೆಲ್ಚಿ ಐತ್ರಿ, ಒಯ್ಯಿರಿ.'

'ಬಿಳೀದೋ, ಕೆಂಪೋ ತಮ್ಮಾ?'

'ವೆಲ್ಚಿ ಅಂದ್ರ ವೆಲ್ಚೀರಿ!'

ಸಫೇದ್ ವೆಲ್ಚಿ ಎಂದರೆ ನಮ್ಮ ಏಲಕ್ಕಿ ಬಾಳೆ. ಲಾಲ್ ವೆಲ್ಚಿ ಮೈಸೂರು ಬಾಳೆ, ತಮಿಳರ ಪೂವನ್. ಅವನೊಡನೆ ವಾದಿಸುವ ಬದಲು ಎಳೆಯ ಎಲೆ ಮಗುಚಿ ನೋಡುತ್ತೇನೆ. ನಡುದಂಟಿನ ಕೆಳಮೈ ಗುಲಾಬಿಯಾಗಿದ್ದರೆ ಅದು ಲಾಲ್. ಗಿಡ ಬಲಿತ ಮೇಲೆ ಈ ಗುರುತನ್ನು ನೆಚ್ಚಲಾಗದು, ಎಳತರಲ್ಲೇ ನೋಡಬೇಕು.

ಹೆಚ್ಚು ಮಾತಾಡುವುದು ಕುಂಡಿಗೆ, ಅಂದರೆ ಗೊನೆಯ ತುದಿಯ ಹೂಮೊಗ್ಗು. ಅದರ ಕೆಂಪು ಹಾಳೆ ತೆರೆದ ಮೇಲೆ ಚಾಪೆಯಂತೆ ಹಿಂದಕ್ಕೆ ಸುರುಳಿ ಸುತ್ತಿದರೆ ಅಕ್ಯುಮಿನಾಟಾದ ಗುಣ. ಸುತ್ತದೆ ಸುಮ್ಮನೆ ಮೇಲೆದ್ದು ನಿಂತರೆ ಬಾಲ್ಬಿಸಿಯಾನಾದ್ದು. ಹಾಳೆಯ ತುದಿಯನ್ನೂ ನೋಡಿ: ಮೊದಲನೆಯದರಲ್ಲಿ ಚೂಪು, ಎರಡನೆಯದರಲ್ಲಿ ಮೊಂಡು. ಗಿಡ್ಡ ಪಚ್ಚಬಾಳೆಯಲ್ಲಿ, ಅಂದರೆ ಇಲ್ಲಿಯವರ ಬಸರಾಯಿಯಲ್ಲಿ, ಒಣಗಿದ ಹೂವು, ಹಾಳೆ ಉದುರದೆ ಗೊನೆಯ ಕೆಳಗಿನ ದಂಟಿಗೇ ಅಂಟಿಕೊಂಡಿರುತ್ತವೆ. ದೂರದಿಂದಲೇ ಗುರುತು ಸಿಗುತ್ತದೆ. ನೋಡಿ ಮುಗಿದ ಕುಂಡಿಗೆಯನ್ನು ಮುರಿದು ಪಲ್ಯಕ್ಕೆ ತರುತ್ತೇನೆ. ಚಿಪ್ಪುಗಳೆಲ್ಲ ಕಟ್ಟಿದ ಮೇಲೆ ತೆಗೆದರೆ ಗೊನೆಗೆ ನಷ್ಟವಿಲ್ಲ.

ಆಮೇಲೆ ಕಾಯಿ. ಏಲಕ್ಕಿಯದು ಗಿಡ್ಡ, ತುದಿ ಚೂಪು. ನೇಂದ್ರದ್ದು ಉದ್ದ, ಏಣು ಎದ್ದದ್ದು. ಅದಕ್ಕೆ ಪರೀಕ್ಷೆಯೇ ಬೇಡ.

ಮಳೆಗಾಲದಲ್ಲಿ ಘಟ್ಟಕ್ಕೆ ಹೋದವರು 'ಕಾಡುಬಾಳೆ' ಎಂದು ಬುಡ ಉಬ್ಬಿದ ಗಿಡ ಕಿತ್ತು ತಂದರೆ ನಾನು ತೆಗೆದುಕೊಳ್ಳುವುದಿಲ್ಲ. ಅದು ಕಲ್ಲುಬಾಳೆ, ಮ್ಯೂಸಾ ಅಲ್ಲ, ಎನ್ಸೀಟ್ ಎಂಬ ಬೇರೆಯೇ ಕುಲ. ಕಂದು ಹಾಕುವುದಿಲ್ಲ, ಕಾಯಿಯ ತುಂಬ ಬೀಜ, ಒಮ್ಮೆ ಗೊನೆ ಬಿಟ್ಟು ಸಾಯುತ್ತದೆ. ಬಂಡೆಯ ಮೇಲೇ ಬಿಟ್ಟುಬನ್ನಿ ಎನ್ನುತ್ತೇನೆ.